ಎಷ್ಟು ಹೊತ್ತು ಉಣ್ಣಬೇಕು? – ಮಿತ ಆಹಾರ ಮತ್ತು ದೇಹದ ತೂಕ

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಈಚಿನ ವರ್ಷಗಳಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಮಾತೊಂದು ಪೇಟೆಯಿಂದ ಹಳ್ಳಿಗೂ ಬಂದು ಸೇರಿದೆ. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ತುಂಬ ಉಣ್ಣುವುದಕ್ಕೆ ಬದಲಾಗಿ ಐದಾರು ಸಲ ಸ್ವಲ್ಪ ಸ್ವಲ್ಪವೇ ತಿನ್ನುತ್ತಿದ್ದರೆ ಬೊಜ್ಜು ಕರಗುತ್ತದೆ, ತೂಕ ಇಳಿಯುತ್ತದೆ ಎಂಬುದೇ ಆ ಮಾತು. ಪಟ್ಟಣದಲ್ಲಿರುವ ಮಗನೋ ಮಗಳೋ ಹಬ್ಬಕ್ಕೆ ಊರಿಗೆ ಬಂದಾಗ ಇದನ್ನು ಹೇಳುತ್ತಾರೆ. ಕೇಳಿದ ತಂದೆತಾಯಿಗಳು ಗಾದೆಯನ್ನು ನಂಬಬೇಕೋ ಮಕ್ಕಳನ್ನು ನಂಬಬೇಕೋ ತಿಳಿಯದೆ ಸುಮ್ಮನಾಗುತ್ತಾರೆ.

ಎಷ್ಟು ಸಲ ಉಣ್ಣುತ್ತೇವೆ ಎಂಬುದರಿಂದಲೇ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಟ್ಟು ಎಷ್ಟು ಉಂಡೆವು, ಅದರಲ್ಲಿ ಎಷ್ಟನ್ನು ದುಡಿದು ಕರಗಿಸಿದೆವು ಎಂಬುದೇ ಇಲ್ಲಿ ಮುಖ್ಯ. ಹಾಗೆಂದು ಸ್ವಲ್ಪ ಸ್ವಲ್ಪವಾಗಿ ಉಣ್ಣುವ ಪದ್ಧತಿಯಿಂದ ಯಾರಿಗೂ ಪ್ರಯೋಜನವಿಲ್ಲವೆಂದಲ್ಲ. ಕೆಲವರಿಗೆ ಅದು ಬಹಳ ಒಳ್ಳೆಯದು. ಕೆಲವರಿಗೆ ಅದೇ ಹಾನಿಕರ. ಗಂಡಹೆಂಡಿರಿಬ್ಬರೂ ಇದನ್ನು ಒಟ್ಟಿಗೆ ಕುಳಿತು ಓದಿದರೆ ಮೇಲು, ಏಕೆಂದರೆ ಒಲೆ ಒಬ್ಬರ ಕೈಯಲ್ಲಿ, ಸಂತೆಯ ಚೀಲ ಇನ್ನೊಬ್ಬರ ಕೈಯಲ್ಲಿ ಇರುವ ಮನೆಗಳೇ ನಮ್ಮಲ್ಲಿ ಹೆಚ್ಚು.

ಮರ್ಫಿ ಟೌನಿನ ಉದಾಹರಣೆ

ಬೆಂಗಳೂರಿನ ದಂಡುಪ್ರದೇಶದಲ್ಲಿ, ಹಲಸೂರಿಗೆ ಹೊಂದಿಕೊಂಡಂತೆ, ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಇದರ ಹಳೆಯ ಹೆಸರು ನಾಕ್ಸ್‌ಪೇಟೆ. ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನಲ್ಲಿ ಎಂಜಿನಿಯರಾಗಿದ್ದ ಮರ್ಫಿ ಎಂಬವರ ಹೆಸರು ಇದಕ್ಕೆ ಅನಂತರ ಬಂದಿತು. ಕೂಲಿಕಾರರೂ ಬಡವರೂ ಇಕ್ಕಟ್ಟಾದ ಕೇರಿಗಳಲ್ಲಿ ರೋಗರುಜಿನಗಳಿಗೆ ತುತ್ತಾಗುತ್ತಿದ್ದುದನ್ನು ತಪ್ಪಿಸಲು, ಗಾಳಿಬೆಳಕು ಬರುವ ಸಣ್ಣ ಮನೆಗಳನ್ನು ಸಾಲಾಗಿ ಕಟ್ಟಿಸಿದ ಬಡಾವಣೆಯಿದು. ಅಂದಿನ ಚಿಂತೆಯೆಲ್ಲ ಹೊಟ್ಟೆಗೆ ಸಾಲದ ಅನ್ನ, ಕೊಳಕು ನೀರು, ಸಾಂಕ್ರಾಮಿಕ ರೋಗ ಇವುಗಳದೇ ಆಗಿತ್ತು. ಇಂದು ಅದೇ ಬಗೆಯ ದುಡಿಯುವ ಕುಟುಂಬಗಳಲ್ಲಿ ಬೊಜ್ಜು, ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳ ಮಾತು ಕೇಳಿಬರುತ್ತಿದೆ.

ಹಳ್ಳಿಯ ದಂಪತಿಗಳಿಗೆ ಬೆಂಗಳೂರಿನ ಬಡಾವಣೆಯ ಸುದ್ದಿಯೇಕೆ ಎಂದು ಕೇಳಬಹುದು. ಮರ್ಫಿ ಟೌನಿನ ಪಕ್ಕದಲ್ಲಿ ಹಾದುಹೋಗುವ ಹಳೆಯ ಮದರಾಸು ರಸ್ತೆಯೇ ಕೃಷ್ಣರಾಜಪುರ, ಹೊಸಕೋಟೆಗಳನ್ನು ದಾಟಿ ಕೋಲಾರಕ್ಕೆ ಹೋಗುತ್ತದೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಸ್ಥಾಪನೆಯಾದ ಮೇಲೆ ನಗರದ ಈ ಪೂರ್ವಭಾಗಕ್ಕೆ ಹಳ್ಳಿಗಳಿಂದ ಕೆಲಸ ಹುಡುಕಿ ಬಂದವರು ಅನೇಕರು. ಇಂದಿಗೂ ಬರುತ್ತಲೇ ಇದ್ದಾರೆ. ಬಂದವರ ದುಡಿಮೆ ಬದಲಾಗುತ್ತದೆ. ತಟ್ಟೆ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ಉದಾಹರಣೆಗಾಗಿ ಒಂದು ದಂಪತಿಯನ್ನು ಕಲ್ಪಿಸಿಕೊಳ್ಳೋಣ. ಹೊಸಕೋಟೆ ಕಡೆಯ ಹಳ್ಳಿಯಲ್ಲಿ ಗಂಡ ಹೊಲ ಉಳುತ್ತಿದ್ದ, ಗುದ್ದಲಿ ಹಿಡಿಯುತ್ತಿದ್ದ. ಹೆಂಡತಿ ಕಳೆ ಕೀಳುತ್ತಿದ್ದಳು, ನೀರು ಸೇದುತ್ತಿದ್ದಳು, ಸೌದೆ ಹೊರುತ್ತಿದ್ದಳು. ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿ ಎಂಬ ಮಾನದಿಂದ ಅಳೆಯುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೈಮುರಿದು ದುಡಿಯುವ 65 ಕಿಲೋ ತೂಕದ ಗಂಡಸಿಗೆ ದಿನವೊಂದಕ್ಕೆ 3470 ಕ್ಯಾಲೊರಿ ಬೇಕು. ಅಂಥದೇ ದುಡಿಮೆಯ 55 ಕಿಲೋ ತೂಕದ ಹೆಂಗಸಿಗೆ 2720 ಬೇಕು. ಇದೇ ದಂಪತಿ ಮರ್ಫಿ ಟೌನಿಗೆ ಬಂದು ಗಂಡ ಕಾವಲುಗಾರನಾಗಿ ಕುರ್ಚಿಯ ಮೇಲೆ ಕುಳಿತರೆ, ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತರೆ, ಅವನಿಗೆ 2110, ಅವಳಿಗೆ 1660 ಕ್ಯಾಲೊರಿಗಳೇ ಸಾಕು. ಅಂದರೆ ಗಂಡನ ಅವಶ್ಯಕತೆಯಲ್ಲಿ 1360, ಹೆಂಡತಿಯದರಲ್ಲಿ 1060 ಕಡಿಮೆಯಾದಂತಾಯಿತು. ಇದು ಒಂದು ದೊಡ್ಡ ಊಟಕ್ಕಿಂತ ಹೆಚ್ಚು. ಹೊಲ ಬಿಟ್ಟ ದಿನವೇ ಒಂದು ಹೊತ್ತಿನ ಊಟವನ್ನೂ ಬಿಡಬೇಕಾಗಿತ್ತು. ಆದರೆ ಹಸಿವಿಗೂ ರೂಢಿಗೂ ಈ ಲೆಕ್ಕ ತಿಳಿಯುವುದಿಲ್ಲ.

ವರ್ಷಗಳು ಕಳೆದಂತೆ ಹೊಟ್ಟೆ ಮುಂದೆ ಬರುತ್ತದೆ. ಆಗ ಯಾರೋ, ‘ಸ್ವಲ್ಪ ಸ್ವಲ್ಪವಾಗಿ ಆರು ಸಲ ತಿನ್ನಿ’ ಎನ್ನುತ್ತಾರೆ. ಸಲಹೆ ಇಷ್ಟವಾಗುತ್ತದೆ, ಏಕೆಂದರೆ ಇದರಲ್ಲಿ ಏನನ್ನೂ ಬಿಡಬೇಕಾಗಿಲ್ಲವೆಂದು ತೋರುತ್ತದೆ! ಮೂರು ಊಟ ಮೊದಲಿನಂತೆಯೇ ಇರುತ್ತದೆ. ನಡುವೆ ‘ಸ್ವಲ್ಪ’ ಸೇರುತ್ತದೆ. ಈ ಸ್ವಲ್ಪವೆಂಬುದು ಎಷ್ಟು ಎಂದು ನೋಡಬೇಡವೇ? ದಿನಕ್ಕೆ ಐದು ಲೋಟ ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯೊಂದರಿಂದಲೇ 200 ಕ್ಯಾಲೊರಿ. ಹಾಲಿನದೂ ಹೆಚ್ಚುಕಡಿಮೆ ಅಷ್ಟೇ. ಚಹಾದ ಜೊತೆಗೆ ಎರಡು ಸಲ ನಾಲ್ಕು ನಾಲ್ಕು ಬಿಸ್ಕತ್ತು ತಿಂದರೆ ಇನ್ನೊಂದು 200. ಸಂಜೆ ಎರಡು ವಡೆಯೋ ಬೋಂಡವೋ ಆದರೆ ಸುಮಾರು 250. ರಾತ್ರಿ ಟೆಲಿವಿಷನ್ ಮುಂದೆ ಒಂದು ಹಿಡಿ ಖಾರದ ಮಿಕ್ಸ್‌ಚರಿನಿಂದ 150. ಎಲ್ಲ ಕೂಡಿದರೆ ಸುಮಾರು 1000. ಕುಳಿತು ಕೆಲಸ ಮಾಡುವ ಗಂಡಸಿಗೆ ಇಡೀ ದಿನಕ್ಕೆ ಬೇಕಾದುದರ ಹೆಚ್ಚುಕಡಿಮೆ ಅರ್ಧ ಪಾಲು, ಊಟವೆಂದು ಎಣಿಸದ ತಿನಿಸಿನಿಂದಲೇ ಬಂದಂತಾಯಿತು. ತೂಕ ಇಳಿಸಲೆಂದು ಹೊರಟವನ ತೂಕ ಏರಿದರೆ ಆಶ್ಚರ್ಯವೇನು?

ಇದು ಮರ್ಫಿ ಟೌನಿಗೆ ಮಾತ್ರ ಸೀಮಿತವಾದ ಮಾತಲ್ಲ. ಹಳ್ಳಿಗಳಲ್ಲಿಯೂ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕಾಲುದಾರಿಯ ಜಾಗಕ್ಕೆ ಮೋಟಾರ್ ಬೈಕು, ಬಾವಿಯ ಜಾಗಕ್ಕೆ ನಲ್ಲಿ, ಒರಳಿನ ಜಾಗಕ್ಕೆ ಮಿಕ್ಸಿ ಬಂದಿವೆ. ಬರಲಿ, ಒಳ್ಳೆಯದೇ, ಹೆಂಗಸರ ಬೆನ್ನಿನ ಹೊರೆ ಇಳಿದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಆದರೆ ಊರಬಾಗಿಲಿನ ಅಂಗಡಿಯಲ್ಲಿ ಬಣ್ಣದ ಪೊಟ್ಟಣಗಳೂ ಬಂದು ನೇತಾಡುತ್ತಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ನೂರು ಮಂದಿ ಹೆಂಗಸರಲ್ಲಿ ಸುಮಾರು 23 ಮಂದಿಗೆ ಮಿತಿಮೀರಿದ ತೂಕವಿತ್ತು. 2019–21ರ ವೇಳೆಗೆ ಅದು 30ಕ್ಕೆ ಏರಿತು. ಗಂಡಸರ ಸಂಖ್ಯೆಯೂ ಹೆಚ್ಚುಕಡಿಮೆ ಹೀಗೆಯೇ ಏರಿದೆ.

ಸೇರನ್ನು ಪಾವಿನಲ್ಲಿ ಅಳೆದರೆ

ಪದೇ ಪದೇ ತಿನ್ನುತ್ತಿದ್ದರೆ ದೇಹದೊಳಗಿನ ಬೆಂಕಿ ಆರದೆ ಉರಿಯುತ್ತಿರುತ್ತದೆ, ಆದುದರಿಂದ ಕೊಬ್ಬು ಕರಗುತ್ತದೆ ಎಂದು ಕೆಲವರು ವಿವರಿಸುವುದುಂಟು. ಇದರಲ್ಲಿ ಒಂದು ಎಳೆ ಸತ್ಯವಿದೆ. ಉಂಡ ಅನ್ನವನ್ನು ಅರಗಿಸಿ ರಕ್ತಕ್ಕೆ ಸೇರಿಸುವುದಕ್ಕೂ ದೇಹ ಸ್ವಲ್ಪ ಶಕ್ತಿಯನ್ನು ವ್ಯಯಮಾಡಬೇಕು. ಸಾಮಾನ್ಯ ಮಿಶ್ರಾಹಾರದಲ್ಲಿ ಇದು ಉಂಡುದರ ಹತ್ತನೆಯ ಒಂದು ಪಾಲಿನಷ್ಟು. ಆದರೆ ಲೆಕ್ಕ ಹಾಕಿ ನೋಡಿ. 1800 ಕ್ಯಾಲೊರಿಗಳ ಆಹಾರವನ್ನು ಮೂರು ಸಲ 600ರಂತೆ ಉಂಡರೆ ಪ್ರತಿಸಲ 60, ಒಟ್ಟು 180 ವ್ಯಯವಾಗುತ್ತದೆ. ಅದನ್ನೇ ಆರು ಸಲ 300ರಂತೆ ಉಂಡರೆ ಪ್ರತಿಸಲ 30, ಒಟ್ಟು ಅದೇ 180. ಒಂದು ಸೇರು ರಾಗಿಯನ್ನು ಪಾವಿನಿಂದ ನಾಲ್ಕು ಸಲ ಅಳೆದರೂ ಚಟಾಕಿನಿಂದ ಹದಿನಾರು ಸಲ ಅಳೆದರೂ ರಾಗಿ ಒಂದೇ ಸೇರು.

ಈ ನಂಬಿಕೆ ಬಂದದ್ದೆಲ್ಲಿಂದ? 1964ರಲ್ಲಿ ಐರೋಪ್ಯ ನಗರವಾದ ಪ್ರಾಗ್‌ನ ವೈದ್ಯರು ವಯಸ್ಸಾದ ಗಂಡಸರನ್ನು ಪರೀಕ್ಷಿಸಿ, ದಿನಕ್ಕೆ ಮೂರು ಸಲವೋ ಅದಕ್ಕಿಂತ ಕಡಿಮೆಯೋ ಉಣ್ಣುವವರಿಗಿಂತ ಐದು ಸಲ ಅಥವಾ ಹೆಚ್ಚು ಉಣ್ಣುವವರಲ್ಲಿ ಬೊಜ್ಜು ಕಡಿಮೆಯೆಂದು ಬರೆದರು. ಇದು ಲೋಕವೆಲ್ಲ ಹರಡಿತು. ಆದರೆ ಇಂಥ ಸಮೀಕ್ಷೆಗಳಲ್ಲಿ ಒಂದು ತೊಡಕಿದೆ. ದಪ್ಪಗಾದ ಮೇಲೆ ಹೆದರಿ ಒಂದು ಹೊತ್ತಿನ ಊಟ ಬಿಟ್ಟವನೂ ‘ಕಡಿಮೆ ಸಲ ಉಣ್ಣುವವನು’ ಎಂದೇ ಲೆಕ್ಕಕ್ಕೆ ಬರುತ್ತಾನೆ. ಊಟ ಬಿಟ್ಟದ್ದರಿಂದ ದಪ್ಪಗಾದನೋ, ದಪ್ಪಗಾದುದರಿಂದ ಊಟ ಬಿಟ್ಟನೋ, ಹೇಳುವುದು ಹೇಗೆ? ಇದನ್ನು ತಿಳಿಯಲು ಎರಡು ಗುಂಪುಗಳಿಗೆ ಅಳೆದ ಆಹಾರವನ್ನೇ ಕೊಟ್ಟು, ಸಲಗಳನ್ನು ಮಾತ್ರ ಬದಲಿಸಿ ನೋಡಬೇಕು. ಕೆನಡಾ ದೇಶದಲ್ಲಿ ಬೊಜ್ಜುಳ್ಳ ಕೆಲವರನ್ನು ಎಂಟು ವಾರ ಹೀಗೆ ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂರು ಸಲ ಉಂಡವರೂ ಆರು ಸಲ ಉಂಡವರೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರು. 2014ರಲ್ಲಿ ಅದೇ ಪ್ರಾಗ್ ನಗರದಿಂದಲೇ ಇನ್ನೊಂದು ವರದಿ ಬಂದಿತು. ಸಕ್ಕರೆ ಕಾಯಿಲೆಯಿದ್ದ 54 ಮಂದಿಗೆ ಅಷ್ಟೇ ಆಹಾರವನ್ನು ಹನ್ನೆರಡು ವಾರ ಆರು ಸಲವಾಗಿಯೂ, ಇನ್ನು ಹನ್ನೆರಡು ವಾರ ಬೆಳಗ್ಗೆ ಮತ್ತು ಮಧ್ಯಾಹ್ನ ಎರಡೇ ಸಲವಾಗಿಯೂ ಕೊಟ್ಟಾಗ, ಎರಡು ಸಲ ಉಂಡ ಅವಧಿಯಲ್ಲಿಯೇ ತೂಕ ಹೆಚ್ಚು ಇಳಿಯಿತು. ಇದನ್ನು ಕೇಳಿ ಗಾದೆಯೇ ಗೆದ್ದಿತೆಂದು ಹಿಗ್ಗಬೇಕಾಗಿಲ್ಲ. ಅವರು ವೈದ್ಯರ ಕಣ್ಣೆದುರಿನಲ್ಲಿದ್ದವರು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮನೆಯಲ್ಲಿ ತಾವಾಗಿಯೇ ಇದನ್ನು ಅನುಸರಿಸುವುದು ಅಪಾಯಕರ. ಆದರೆ ಸಲ ಹೆಚ್ಚಿದರೆ ತೂಕ ಇಳಿಯುವುದೆಂಬ ಮಾತಿಗೆ ಆಧಾರವಿಲ್ಲವೆಂಬುದಂತೂ ಇವುಗಳಿಂದ ಸ್ಪಷ್ಟವಾಗುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಅನ್ನ ಬಿಟ್ಟು ಮುದ್ದೆ ಉಂಡರೆ ಬೊಜ್ಜು ಕರಗುವುದೆಂದು ಅನೇಕರು ತಿಳಿದಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಗಳಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 320 ಇವೆ. ವ್ಯತ್ಯಾಸ ಅಲ್ಪ. ರಾಗಿಯಲ್ಲಿ ಸುಣ್ಣದ ಅಂಶವೂ ನಾರೂ ಹೆಚ್ಚು, ಹೊಟ್ಟೆ ಬೇಗ ಹಸಿಯುವುದಿಲ್ಲ, ಇವು ಅದರ ನಿಜವಾದ ಗುಣಗಳು. ಆದರೆ ಉಳುವವನ ಗಾತ್ರದ ಮುದ್ದೆಯನ್ನು ಕುಳಿತವನು ಉಂಡರೆ ಅದೂ ಬೊಜ್ಜಾಗಿಯೇ ಕೂಡುತ್ತದೆ.

ಹಾಗಾದರೆ ಹಲವು ಸಲ ಉಣ್ಣುವುದು ತಪ್ಪೇ?

ತಪ್ಪಲ್ಲ. ಬಹಳ ಹೊತ್ತು ಹಸಿದಿದ್ದವರು ಊಟಕ್ಕೆ ಕುಳಿತಾಗ ಅಳತೆ ಮರೆಯುವುದುಂಟು. ಬೆಳಗ್ಗೆ ಬರಿಯ ಚಹಾ ಕುಡಿದು ಹೊರಟವರು ಮಧ್ಯಾಹ್ನ ಎರಡೂವರೆಗೆ ಉಣ್ಣಲು ಕುಳಿತರೆ ಮೊದಲ ಮುದ್ದೆ ಹೋದದ್ದೇ ಗೊತ್ತಾಗುವುದಿಲ್ಲ. ಅಂಥವರು ನಡುವೆ ಏನಾದರೂ ಸ್ವಲ್ಪ ತಿಂದಿದ್ದರೆ ಊಟದ ಹೊತ್ತಿಗೆ ಕೈ ತಡೆಯುವುದು ಸುಲಭ. ಆದರೆ ಒಂದು ನಿಯಮವನ್ನು ಮರೆಯಬಾರದು: ನಡುವಿನ ಆಹಾರ ಊಟದಿಂದ ಕಳೆದು ತೆಗೆದದ್ದಾಗಿರಬೇಕೇ ಹೊರತು ಊಟಕ್ಕೆ ಕೂಡಿಸಿದ್ದಾಗಿರಬಾರದು. ಒಂದು ರೊಟ್ಟಿಯನ್ನು ಮುರಿದು ಎರಡು ಸಲ ತಿಂದರೆ ಅದು ಮಿತಾಹಾರ. ಎರಡು ಸಲಕ್ಕೆ ಎರಡು ರೊಟ್ಟಿ ತಿಂದರೆ ಅದು ಬರಿಯ ರೊಟ್ಟಿ.

ಹೀಗೆ ಮಾಡಬಹುದು. ಮುದ್ದೆ ಕಟ್ಟಿದ ಮೇಲೆ ಕಣ್ಣಳತೆ ನಂಬುವುದಕ್ಕಿಂತ ಹಿಟ್ಟನ್ನು ಎಸರಿಗೆ ಹಾಕುವ ಮೊದಲೇ ಅಳೆಯಿರಿ. 50 ಗ್ರಾಂ ಹಿಟ್ಟಿನ ಸಣ್ಣ ಮುದ್ದೆಯಲ್ಲಿ ಸುಮಾರು 160 ಕ್ಯಾಲೊರಿಗಳಿರುತ್ತವೆ. ಊರಿನ ಅಂಗಡಿಯ ತಕ್ಕಡಿಯಲ್ಲಿ ಒಂದು ಸಲ ತೂಗಿಸಿ, ಆ ಹಿಟ್ಟು ನಿಮ್ಮ ಮನೆಯ ಯಾವ ಲೋಟದಲ್ಲಿ ಎಲ್ಲಿಯವರೆಗೆ ಬರುವುದೆಂದು ಗುರುತು ಮಾಡಿಕೊಂಡರೆ ಸಾಕು. ಮಧ್ಯಾಹ್ನ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದವರು ಇಂಥ ಎರಡು ಸಣ್ಣ ಮುದ್ದೆಗೆ ಇಳಿಯಬಹುದು. ಕಡಿಮೆಯಾದ ಜಾಗವನ್ನು ಸೊಪ್ಪುಕಾಳಿಗೆ ಬಿಡಬೇಕು. ಈ ದೃಷ್ಟಿಯಿಂದ ನಮ್ಮ ಬಸ್ಸಾರಿಗೆ ಸಮನಾದ ಅಡಿಗೆ ಇನ್ನೊಂದಿಲ್ಲ. ಸೊಪ್ಪು ಮತ್ತು ಕಾಳನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದುದರಿಂದ ಪಲ್ಯ. ಸೊಪ್ಪಿನ ನಾರು, ಕಾಳಿನ ಸಸಾರಜನಕ ಎರಡೂ ಒಂದೇ ಒಲೆಯ ಮೇಲೆ ದೊರೆಯುತ್ತವೆ. ಊಟಕ್ಕೆ ಕುಳಿತಾಗ ಮೊದಲು ಈ ಪಲ್ಯವನ್ನು ತಿಂದು ಅನಂತರ ಮುದ್ದೆಗೆ ಕೈಹಾಕಿದರೆ ಸಣ್ಣ ಮುದ್ದೆಯೇ ಸಾಕೆನಿಸುತ್ತದೆ. ಆದರೆ ಪಲ್ಯವನ್ನು ಸಾರಿನ ಜೊತೆಗೆ ನಂಜಿಕೊಳ್ಳುವ ಒಂದು ಚಮಚವೆಂದು ಭಾವಿಸಬಾರದು. ತಟ್ಟೆಯ ಅರ್ಧದಷ್ಟಾದರೂ ಸೊಪ್ಪು ತರಕಾರಿಗಳಿರಲಿ.

ನಡುವಿನ ಹೊತ್ತಿಗೆ ಅಂಗಡಿಯ ಪೊಟ್ಟಣವೇ ಬೇಕೆಂದೇನೂ ಇಲ್ಲ. ನೀರು ಮಜ್ಜಿಗೆ, ಸೌತೆಕಾಯಿ, ಸೀಬೆಹಣ್ಣು, ಮೊಳಕೆ ಬಂದ ಹೆಸರುಕಾಳು, ಹೆಸರುಬೇಳೆ ಕೋಸಂಬರಿ, ಬೇಯಿಸಿದ ಅವರೆ ಅಥವಾ ಅಲಸಂದೆ, ತೆಳುವಾದ ಅಂಬಲಿ ಇವು ಯಾವುವೂ ದುಬಾರಿಯಲ್ಲ. ಕಡಲೆಕಾಯಿ ಒಳ್ಳೆಯದು, ಆದರೆ ಒಂದು ಹಿಡಿಗೆ ನಿಲ್ಲಿಸಬೇಕು. ಅದರಲ್ಲಿ ಎಣ್ಣೆಯ ಅಂಶ ಬಹಳ. ಚಹಾ ಬಿಡಲಾರದವರು ಐದು ಲೋಟವನ್ನು ಎರಡಕ್ಕೆ ಇಳಿಸಿ, ಸಕ್ಕರೆಯನ್ನು ಅರ್ಧ ಮಾಡಿದರೂ ದಿನಕ್ಕೆ 160 ಕ್ಯಾಲೊರಿ ಸಕ್ಕರೆ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಸುಲಭವಾದ ಅಳತೆಯಿದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಗಳಿವೆ. ಅಕ್ಕಿ ರಾಗಿಗಳಲ್ಲಿರುವುದಕ್ಕಿಂತ ಎರಡೂವರೆ ಪಟ್ಟು. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ 2000 ಕ್ಯಾಲೊರಿಗಳ ಆಹಾರಕ್ಕೆ ದಿನವೊಂದಕ್ಕೆ 27 ಗ್ರಾಂ ಎಣ್ಣೆಯನ್ನು ಹೇಳಿದೆ. ತಿಂಗಳಿಗೆ ಒಬ್ಬರಿಗೆ ಸುಮಾರು 800 ಗ್ರಾಂ ಆಯಿತು. ನಾಲ್ವರ ಮನೆಗೆ ತಿಂಗಳಿಗೆ ಮೂರು ಕಿಲೋಗಿಂತ ಹೆಚ್ಚು ಎಣ್ಣೆ ಬರುತ್ತಿದ್ದರೆ, ಅದು ಎಲ್ಲಿ ಹೋಗುತ್ತಿದೆಯೆಂದು ಗಂಡಹೆಂಡಿರು ಕುಳಿತು ವಿಚಾರಿಸತಕ್ಕದ್ದು.

ಮನೆಯೊಡತಿಯ ಊಟ

ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಾನು ಉಣ್ಣುವ ಗೃಹಿಣಿ ದಿನಕ್ಕೆ ಎಷ್ಟು ಸಲ ಉಣ್ಣುತ್ತಾಳೆ? ಕೇಳಿದರೆ ಎರಡೇ ಸಲ ಎನ್ನುತ್ತಾಳೆ. ಅದು ಸುಳ್ಳಲ್ಲ. ಆದರೆ ಮಗು ಬಿಟ್ಟ ಅರ್ಧ ದೋಸೆ, ತಳ ಹಿಡಿದ ಉಪ್ಪಿಟ್ಟು, ರಾತ್ರಿ ಚೆಲ್ಲಲು ಮನಸ್ಸು ಬಾರದ ಒಂದು ಸೌಟು ಅನ್ನ, ಇವು ಅವಳ ಲೆಕ್ಕಕ್ಕೆ ಬರುವುದಿಲ್ಲ. ಅನ್ನವನ್ನು ಚೆಲ್ಲಬಾರದೆಂಬುದು ಸರಿ. ಆದರೆ ಅದನ್ನು ಚೆಲ್ಲದಿರುವ ಹೊಣೆಯನ್ನು ಒಬ್ಬಳ ಹೊಟ್ಟೆಗೆ ವಹಿಸುವುದು ನ್ಯಾಯವಲ್ಲ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ: ಕೊನೆಯಲ್ಲಿ ಉಣ್ಣುವವಳಿಗೆ ಪಲ್ಯವೂ ಉಳಿದಿರುವುದಿಲ್ಲ, ಕಾಳೂ ಉಳಿದಿರುವುದಿಲ್ಲ, ಅನ್ನ, ತಿಳಿಸಾರು ಇಷ್ಟೇ. ಇದರಿಂದ ಮೈ ದಪ್ಪವಾಗಿದ್ದರೂ ರಕ್ತ ಕಡಿಮೆಯಿರುವ ಹೆಂಗಸರನ್ನು ನೋಡುತ್ತೇವೆ. ದಪ್ಪವಾಗಿರುವವಳಿಗೆ ರಕ್ತಹೀನತೆ ಇರಲಾರದೆಂದು ಗಂಡಂದಿರು ತಿಳಿಯಬಾರದು. ಗಂಡನೂ ಹೆಂಡತಿಯೂ ಒಟ್ಟಿಗೆ ಕುಳಿತು, ಎರಡು ತಟ್ಟೆಗೂ ಮೊದಲೇ ಬಡಿಸಿಕೊಂಡು, ರಾತ್ರಿ ಎಂಟರೊಳಗೆ ಉಂಡರೆ ಈ ಎರಡು ತೊಡಕುಗಳೂ ಬಹಳ ಮಟ್ಟಿಗೆ ತಪ್ಪುತ್ತವೆ. ಇದು ಯಾವ ಔಷಧಿಯಿಂದಲೂ ಆಗದ ಕೆಲಸ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ದಪ್ಪಗಾದೆ ಎಂದು ಹೇಳುವ ತಾಯಂದಿರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಈ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರೂ ಉಂಟು. ಈ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಅಂಡಾಶಯಗಳನ್ನು ಮುಟ್ಟುವುದಿಲ್ಲ, ಅವುಗಳ ಕೆಲಸ ಮೊದಲಿನಂತೆಯೇ ನಡೆಯುತ್ತದೆ. ತೂಕ ಹೆಚ್ಚುವುದಕ್ಕೆ ಕಾರಣವನ್ನು ಬಾಣಂತನದಲ್ಲಿ ಹುಡುಕಬೇಕು. ಮಗುವಿಗೆ ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಾಗಿ ಬೇಕು. ಆದುದರಿಂದ ತುಪ್ಪ, ಅಂಟಿನುಂಡೆ, ನಾಲ್ಕೈದು ಸಲದ ಊಟ ಎಲ್ಲವೂ ನಡೆಯುತ್ತದೆ. ಮಗು ಹಾಲು ಬಿಟ್ಟ ಮೇಲೆ ಹೆಚ್ಚಿನ ಅವಶ್ಯಕತೆ ಮುಗಿಯುತ್ತದೆ, ಆದರೆ ಊಟದ ರೂಢಿ ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆಯೂ ಸಾಮಾನ್ಯವಾಗಿ ಈ ಕಾಲದಲ್ಲಿಯೇ ಆಗಿರುವುದರಿಂದ ಆರೋಪ ಅದರ ಮೇಲೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಗರ್ಭನಿರೋಧಕ ಚುಚ್ಚುಮದ್ದಿನಿಂದ ಮಾತ್ರ ಕೆಲವರ ತೂಕ ಸ್ವಲ್ಪ ಏರುವುದುಂಟು. ಅಂಥವರು ತಾವಾಗಿಯೇ ನಿಲ್ಲಿಸದೆ ಆರೋಗ್ಯ ಸಹಾಯಕಿಯನ್ನು ಕೇಳಿ ಬೇರೆ ವಿಧಾನವನ್ನು ಆರಿಸಿಕೊಳ್ಳಬಹುದು.

ಯಾರು ಇಳಿಸಬೇಕು, ಯಾರು ಇಳಿಸಬಾರದು

ಕರ್ನಾಟಕದಲ್ಲಿ ಹೆಂಗಸರು ನೂರರಲ್ಲಿ ಮೂವತ್ತು ಮಂದಿ ಹೆಚ್ಚು ತೂಕದವರೆಂದು ಹೇಳಿದೆವು. ಅದೇ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ತೆಳ್ಳಗಿದ್ದಾರೆ. ಇಬ್ಬರೂ ಒಂದೇ ಬೀದಿಯಲ್ಲಿರಬಹುದು, ಒಂದೇ ಮನೆಯ ಅತ್ತೆಸೊಸೆಯರೂ ಆಗಿರಬಹುದು. ಆದುದರಿಂದ ಒಬ್ಬರಿಗೆ ಹೇಳಿದ ಮಾತನ್ನು ಇನ್ನೊಬ್ಬರು ಅನುಸರಿಸುವ ಮೊದಲು ತೂಕವನ್ನೂ ಎತ್ತರವನ್ನೂ ನೋಡಿಕೊಳ್ಳಬೇಕು. ಐದಡಿಯಷ್ಟು, ಅಂದರೆ ಸುಮಾರು 150 ಸೆಂಟಿಮೀಟರ್ ಎತ್ತರದ ಹೆಂಗಸಿನ ತೂಕ 42ರಿಂದ 52 ಕಿಲೋವರೆಗೆ ಇದ್ದರೆ ಸರಿ. 56 ದಾಟಿದರೆ ಅದು ಬೊಜ್ಜು. 165 ಸೆಂಟಿಮೀಟರ್ ಎತ್ತರದ ಗಂಡಸಿಗೆ 50ರಿಂದ 63 ಕಿಲೋ ಸರಿ, 68 ದಾಟಬಾರದು. ತಕ್ಕಡಿ ಸಿಕ್ಕದಿದ್ದರೆ ಹೊಲಿಗೆಯವನ ಟೇಪು ಸಾಕು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಮೀರಿದ್ದರೆ ಎಚ್ಚರಗೊಳ್ಳಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮ ಜನರಲ್ಲಿ ಸಾಮಾನ್ಯ, ಸಕ್ಕರೆ ಕಾಯಿಲೆಗೆ ಅದೇ ದಾರಿ.

ಗರ್ಭಿಣಿಯರು ಯಾವ ಕಾರಣಕ್ಕೂ ತೂಕ ಇಳಿಸಲು ಹೋಗಬಾರದು. ನಿಜವಾಗಿ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಉಣ್ಣುವ ಪದ್ಧತಿ ಹೇಳಿಮಾಡಿಸಿದ್ದು ಇವರಿಗೇ. ಮೊದಲ ತಿಂಗಳುಗಳಲ್ಲಿ ವಾಂತಿ, ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯನ್ನು ಒತ್ತುವ ಮಗು, ಎರಡರಿಂದಲೂ ಒಮ್ಮೆಗೆ ಹೆಚ್ಚು ಉಣ್ಣಲಾಗುವುದಿಲ್ಲ. ಆದುದರಿಂದ ಮೂರು ಊಟದ ನಡುವೆ ಎರಡು ಮೂರು ಸಲ ಏನಾದರೂ ತಿನ್ನಬೇಕು. ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಇಲ್ಲಿ ಕಳೆಯುವ ನಿಯಮವಿಲ್ಲ, ಕೂಡಿಸುವುದೇ ನಿಯಮ. 2017ರ ಅಕ್ಟೋಬರಿನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟವನ್ನು ಗೊತ್ತುಮಾಡಿದ್ದೂ ಈ ಅವಶ್ಯಕತೆಯನ್ನು ಮನಗಂಡೇ. ಸಣ್ಣ ಮಕ್ಕಳ ಹೊಟ್ಟೆಯೂ ಸಣ್ಣದು. ಅವರಿಗೂ ದಿನಕ್ಕೆ ಐದು ಸಲ ಉಣಿಸಬೇಕು. ತಂದೆತಾಯಿಗಳು ಆಹಾರ ಕಡಿಮೆಮಾಡಿದರೆಂದು ಮಕ್ಕಳ ತಟ್ಟೆಯೂ ಕಿರಿದಾಗಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡುವುದಾಗಲಿ ಹೊತ್ತು ಬದಲಿಸುವುದಾಗಲಿ ಸಲ್ಲದು. ಊಟ ತಪ್ಪಿದಾಗ ಔಷಧಿ ರಕ್ತದ ಸಕ್ಕರೆಯನ್ನು ಅತಿಯಾಗಿ ಇಳಿಸಿ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಇಂಥವರಲ್ಲಿ ಕೆಲವರಿಗೆ ವೈದ್ಯರೇ ನಡುವೆ ಸ್ವಲ್ಪ ತಿನ್ನಲು ಹೇಳಿರುತ್ತಾರೆ.

ಎಷ್ಟು, ಎಷ್ಟು ಬೇಗ

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 500ರಷ್ಟು ಕಡಿಮೆ ಮಾಡಿದರೆ ಮೊದಲ ತಿಂಗಳುಗಳಲ್ಲಿ ವಾರಕ್ಕೆ ಅರ್ಧ ಕಿಲೋ ಇಳಿಯಬಹುದು. ಅನಂತರ ವೇಗ ತಗ್ಗುತ್ತದೆ. ಹಗುರಾದ ದೇಹಕ್ಕೆ ಬೇಕಾಗುವುದೇ ಕಡಿಮೆಯಾದುದರಿಂದ ಇದು ಸಹಜ, ಹತಾಶರಾಗಬೇಕಾಗಿಲ್ಲ. ಇದಕ್ಕಿಂತ ಬೇಗ ಇಳಿಸುವ ಪುಡಿ, ಕಷಾಯ, ಉಪವಾಸಗಳ ಜಾಹೀರಾತುಗಳಿಗೆ ಮನಸೋಲಬಾರದು. ದಿನದ ಆಹಾರ 1000 ಕ್ಯಾಲೊರಿಗಿಂತ ಕೆಳಗೆ ಇಳಿಯಲೇಕೂಡದು. ಇಳಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಊಟದ ಜೊತೆಗೆ ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಮರ್ಫಿ ಟೌನಿನವರಿಗೆ ಹಲಸೂರು ಕೆರೆ ಹತ್ತಿರವಿದೆ. ನಿಮ್ಮಲ್ಲಿ ಹೊಲದ ಬದುವಿದೆ.

ಆದರೆ ಇಷ್ಟು ಕಷ್ಟವೇಕೆ ಎಂದರೆ, ಫಲ ದೊಡ್ಡದು. ತೂಕದ ನೂರರಲ್ಲಿ ಐದು ಪಾಲು ಇಳಿದರೂ, ಎಂದರೆ 70 ಕಿಲೋ ಇದ್ದವರು 66–67ಕ್ಕೆ ಬಂದರೂ, ರಕ್ತದ ಒತ್ತಡ, ರಕ್ತದ ಸಕ್ಕರೆಗಳು ತಗ್ಗುತ್ತವೆ. ಬೊಜ್ಜಿನಿಂದ ಮುಟ್ಟು ಏರುಪೇರಾಗಿ ಮಕ್ಕಳಾಗದೆ ಕೊರಗುವ ಹೆಂಗಸರಲ್ಲಿ ಕೆಲವರಿಗೆ ಇಷ್ಟರಿಂದಲೇ ಮುಟ್ಟು ಸರಿಹೋಗಿ ಗರ್ಭ ನಿಲ್ಲುವುದುಂಟು. ಚೆನ್ನೈನ ವೈದ್ಯರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಸುಮಾರು ಎರಡೂವರೆ ವರ್ಷ ನೋಡಿ 2006ರಲ್ಲಿ ವರದಿ ಮಾಡಿದ ಪ್ರಕಾರ, ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ ನಾಲ್ಕನೆಯ ಒಂದು ಪಾಲಿಗಿಂತಲೂ ಹೆಚ್ಚಾಗಿ ತಗ್ಗಿತ್ತು.

ಹದಿನೈದು ದಿನಗಳಿಗೊಮ್ಮೆ, ಬೆಳಗ್ಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಇಬ್ಬರದನ್ನೂ ಬರೆದಿಡಿ. ದಿನವೂ ನೋಡುವುದು ಬೇಡ. ನೀರಿನ ಏರಿಳಿತದಿಂದ ಮನಸ್ಸು ಕೆಡುತ್ತದೆ. ಮೂವತ್ತು ವಯಸ್ಸು ದಾಟಿದವರು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದ ಒತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಊಟ ಕಡಿಮೆ ಮಾಡದಿದ್ದರೂ ತೂಕ ತಾನಾಗಿಯೇ ಇಳಿಯುತ್ತಿದ್ದರೆ, ಅದರ ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಎರಡು ವಾರ ಮೀರಿದ ಕೆಮ್ಮು ಅಥವಾ ಸಂಜೆಯ ಜ್ವರ ಇದ್ದರೆ, ಸಣ್ಣಗಾದೆನೆಂದು ಸಂತೋಷಪಡದೆ ಅದೇ ವಾರ ವೈದ್ಯರಿಗೆ ತೋರಿಸತಕ್ಕದ್ದು. ಹೋಗುವಾಗ ತೂಕ ಬರೆದಿಟ್ಟ ಕ್ಯಾಲೆಂಡರನ್ನೂ ಜೊತೆಗೆ ಒಯ್ಯಿರಿ.